ಇಯಾಗೋ ಹೇಗೆ ನಂಬಿಸುತ್ತಾನೆ? ‘ಒಥೆಲೋ’ ಓದಲು, ಆಡಲು ಕೂರುವವರಿಗೆ

ಮೇ ಕೊನೆಯ ಹೊತ್ತಿಗೆ ತುಳುನಾಡಿನ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಉಡುಪಿಯ ಸಂಜೆಗಳು ಮಳೆಗೆ ಮತ್ತು ತಾಳಮದ್ದಳೆಗೆ ಮೀಸಲು. ಆ ಎರಡು ಮೂರು ತಿಂಗಳು ಕುಂಜಿಬೆಟ್ಟಿನ ನಮ್ಮ ಮನೆಯ ಚಾವಡಿಯಲ್ಲಿ ಶನಿವಾರ ಸಂಜೆ ಐದಾರು ಕಾಲೇಜು ಮಕ್ಕಳು ಸೇರುತ್ತಾರೆ. ಚಾ, ಗೋಳಿಬಜೆ ಮುಗಿಸಿ ಒಂದು ನಾಟಕ ಹಿಡಿದು ಗಟ್ಟಿಯಾಗಿ ಓದುತ್ತೇವೆ. ಷೇಕ್ಸ್‌ಪಿಯರನ ‘ಒಥೆಲೋ’ ಕೈಗೆತ್ತಿಕೊಂಡಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. "ಅಕ್ಕ, ಒಥೆಲೋ ಅಷ್ಟು ದಡ್ಡನಾ? ಒಂದು ಕರ್ಚೀಫು ನೋಡಿ ಹೆಂಡತಿಯನ್ನು ಕೊಂದುಬಿಡುವುದಾ?"

ದಡ್ಡ ಅಲ್ಲ. ಹಾಗೆ ಅನ್ನಿಸಿದರೆ ನಾವು ಇಯಾಗೋನನ್ನು ಸರಿಯಾಗಿ ಓದಲಿಲ್ಲ ಎಂದೇ ಅರ್ಥ. ಅವನ ಮೋಸದ ಹೆಜ್ಜೆಗಳು ಕಣ್ಣಿಗೆ ಬೀಳುವ ಹಾಗೆ ಈ ನಾಟಕ ಓದುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಪರೀಕ್ಷೆಗೆ ಓದುವವರಿಗೂ ಆಗುತ್ತದೆ, ಪಾತ್ರ ಮಾಡುವವರಿಗೂ ಆಗುತ್ತದೆ. ಬೇಕಾದದ್ದು ಒಂದು ಪುಸ್ತಕ, ಒಂದು ಪೆನ್ಸಿಲು, ಒಂದು ಕರ್ಚೀಫು, ಜೊತೆಗೆ ಓದಲು ಒಬ್ಬರಾದರೂ ಗೆಳೆಯರು.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಒಥೆಲೋ ವೆನಿಸ್ ನಗರದ ದಂಡನಾಯಕ, ಹೊರಗಿನಿಂದ ಬಂದ ಕಪ್ಪು ಮನುಷ್ಯ. ವೆನಿಸಿನ ದೊಡ್ಡ ಮನೆಯ ಹುಡುಗಿ ಡೆಸ್ಡಿಮೋನಾ ಅಪ್ಪನಿಗೆ ಹೇಳದೆ ಅವನನ್ನು ಮದುವೆಯಾಗುತ್ತಾಳೆ. ಒಥೆಲೋ ತನ್ನ ಕೈಕೆಳಗಿನ ದೊಡ್ಡ ಹುದ್ದೆಯನ್ನು ಕ್ಯಾಸಿಯೋಗೆ ಕೊಟ್ಟಿದ್ದಾನೆ. ಆ ಹುದ್ದೆ ತನಗೇ ಎಂದುಕೊಂಡಿದ್ದ ಇಯಾಗೋ ಬರೀ ಬಾವುಟ ಹೊರುವ ಅಧಿಕಾರಿಯಾಗಿ ಉಳಿದಿದ್ದಾನೆ. ಕ್ಯಾಸಿಯೋಗೂ ಡೆಸ್ಡಿಮೋನಾಗೂ ಸಂಬಂಧ ಇದೆ ಎಂದು ಅವನು ಒಥೆಲೋನನ್ನು ನಂಬಿಸುತ್ತಾನೆ. ಕೊನೆಗೆ ಒಥೆಲೋ ಹೆಂಡತಿಯನ್ನು ಕೊಲ್ಲುತ್ತಾನೆ, ನಿಜ ತಿಳಿದು ತಾನೂ ಸಾಯುತ್ತಾನೆ. 1604ರ ನವೆಂಬರಿನಲ್ಲಿ ಲಂಡನ್ನಿನ ಅರಮನೆಯಲ್ಲಿ ಆಡಿದ ದಾಖಲೆ ಇರುವ ನಾಟಕ ಇದು. ಕನ್ನಡಕ್ಕೂ ಹೊಸದಲ್ಲ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು 19ನೇ ಶತಮಾನದಲ್ಲೇ ‘ಶೂರಸೇನ ಚರಿತ್ರೆ’ ಎಂದು ಇದನ್ನು ನಮ್ಮ ಮಾತಿಗೆ ತಂದಿದ್ದರು.

ಮೊದಲು: ಖಳನ ವೇಷ ಕಳಚಿ

ಓದಲು ಶುರುಮಾಡುವ ಮೊದಲೇ ಈ ಕೆಲಸ ಆಗಬೇಕು. ನಮಗೆ ಯಕ್ಷಗಾನ ನೋಡಿ ಅಭ್ಯಾಸ. ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುವಾಗಲೇ ರಕ್ಕಸ ಬಂದ ಎಂದು ಮಡಿಲಲ್ಲಿ ಕೂತ ಮಗುವಿಗೂ ಗೊತ್ತಾಗುತ್ತದೆ. ಅದೇ ಕಣ್ಣಿನಲ್ಲಿ ಇಯಾಗೋನನ್ನು ನೋಡಿದರೆ ನಾಟಕವೇ ಕೆಡುತ್ತದೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ವರ್ಷಗಳ ಹಿಂದೆ ಒಂದು ಕಾಲೇಜಿನ ತಂಡಕ್ಕೆ ಈ ನಾಟಕ ಮಾಡಿಸಿದ್ದೆ. ಇಯಾಗೋಗೆ ಕಪ್ಪು ಅಂಗಿ ಹಾಕಿಸಿ, ಅವನು ಬಂದಾಗಲೆಲ್ಲ ಕೆಂಪು ಬೆಳಕು ಬಿಡಿಸಿದ್ದೆ. ಮಾತಿನ ಕೊನೆಯಲ್ಲಿ ಒಂದು ಕೆಟ್ಟ ನಗೆಯನ್ನೂ ಇಡಿಸಿದ್ದೆ. ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಬಂದು ಮೆತ್ತಗೆ ಕೇಳಿದರು. "ಅವನು ಕಳ್ಳ ಅಂತ ನನಗೆ ಎರಡು ನಿಮಿಷದಲ್ಲಿ ಗೊತ್ತಾಯ್ತಮ್ಮ. ಅವನ ಜೊತೆ ಅಷ್ಟು ಯುದ್ಧ ಮಾಡಿದವನಿಗೆ ಗೊತ್ತಾಗ್ಲಿಲ್ವಾ?" ಆ ಮಾತು ಇವತ್ತಿಗೂ ನನ್ನ ಜೊತೆ ಇದೆ.

ಇಯಾಗೋ ತಾಳಮದ್ದಳೆಯ ಮಂಥರೆಯ ಹಾಗೆ. ಅಲ್ಲಿ ವೇಷ ಇಲ್ಲ, ಗೂನು ಬೆನ್ನಿಲ್ಲ. ಬಿಳಿ ಪಂಚೆ ಉಟ್ಟು, ಶಾಲು ಹೊದ್ದು ಕೂತ ಅರ್ಥಧಾರಿಯ ಬಾಯಿಂದ ಬರುವ ಮಾತೊಂದೇ. ರಾಮನಿಗೆ ಪಟ್ಟ ಎಂದು ಕೇಳಿದ ಕೂಡಲೇ ಕೈಕೇಯಿ ಖುಷಿಯಿಂದ ಒಡವೆ ಕೊಡಲು ಹೋಗುವವಳು. ಅಂಥವಳನ್ನು ಮಾತಿನಲ್ಲೇ ಕೋಪದ ಮನೆಗೆ ನಡೆಸಬೇಕು. ಒಳ್ಳೆಯ ಅರ್ಥಧಾರಿ ಮಂಥರೆಯನ್ನು ಹೇಳುವಾಗ ದನಿ ಏರಿಸುವುದಿಲ್ಲ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎನ್ನುವ ಪ್ರೀತಿಯಲ್ಲೇ ಹೇಳುತ್ತಾನೆ. ಇಯಾಗೋನನ್ನೂ ಹಾಗೇ ಓದಿ. ಅವನಿಗೆ ವಯಸ್ಸು 28, ತಾನೇ ಹೇಳಿಕೊಳ್ಳುತ್ತಾನೆ. ಚುರುಕು, ತಮಾಷೆ, ಎಲ್ಲರ ಕೆಲಸಕ್ಕೂ ಒದಗುವ ಗೆಳೆಯ. ನಿಮಗೂ ಅವನು ಸ್ವಲ್ಪ ಇಷ್ಟವಾಗಬೇಕು. ಇಷ್ಟವಾಗದಿದ್ದರೆ ಮತ್ತೊಮ್ಮೆ ಓದಿ.

ಎರಡು ಪಟ್ಟಿ ಬರೆಯಿರಿ

ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ. ಎಡಗಡೆ ಅವನು ಬೇರೆಯವರಿಗೆ ಹೇಳಿದ್ದು, ಬಲಗಡೆ ಒಬ್ಬನೇ ಇರುವಾಗ ಹೇಳಿದ್ದು. ಮೊದಲ ಅಂಕ ಒಂದಕ್ಕೇ ಮಾಡಿದರೂ ಸಾಕು, ಕೈ ಪಳಗುತ್ತದೆ.

ಮೊದಲ ರಾತ್ರಿಯೇ ನೋಡಿ. ಇಯಾಗೋ ಕತ್ತಲಲ್ಲಿ ನಿಂತು ಡೆಸ್ಡಿಮೋನಾಳ ಅಪ್ಪ ಬ್ರಬಾನ್ಷಿಯೋನನ್ನು ಕೂಗಿ ಎಬ್ಬಿಸುತ್ತಾನೆ. ಒಥೆಲೋನ ಬಗ್ಗೆ ಬಾಯಿಗೆ ಬಂದ ಹೊಲಸು ಮಾತೆಲ್ಲ ಆಡುತ್ತಾನೆ. ಹೆಸರು ಹೇಳುವುದಿಲ್ಲ. ಅಪ್ಪ ಕೆಳಗೆ ಇಳಿದು ಬರುವಷ್ಟರಲ್ಲಿ ಜಾಗ ಖಾಲಿ ಮಾಡುತ್ತಾನೆ, ಸಿಕ್ಕಿಬೀಳಲು ಜೊತೆಗಿದ್ದ ಗೆಳೆಯ ರೋಡೆರಿಗೋ ಒಬ್ಬನನ್ನು ಬಿಟ್ಟು. ಮುಂದಿನ ದೃಶ್ಯದಲ್ಲಿ ಅವನು ಒಥೆಲೋನ ಪಕ್ಕ ನಿಂತಿದ್ದಾನೆ. ನಿಮ್ಮ ಬಗ್ಗೆ ಅವನು ಎಷ್ಟು ಕೆಟ್ಟದಾಗಿ ಮಾತಾಡಿದ ಗೊತ್ತಾ, ಪಕ್ಕೆಗೆ ತಿವಿದುಬಿಡೋಣ ಅನ್ನಿಸಿತ್ತು ಎನ್ನುತ್ತಾನೆ. ಬೆಂಕಿ ಹಚ್ಚಿದವನೇ ನೀರಿನ ಕೊಡ ಹಿಡಿದು ಮೊದಲು ಓಡಿ ಬರುತ್ತಾನೆ. ನಾಟಕದ ಉದ್ದಕ್ಕೂ ಇದೇ ನಡೆಯುತ್ತದೆ. ಎಲ್ಲಿ ಗಲಾಟೆ ಆದರೂ ಅಲ್ಲಿ ಮೊದಲು ಸಹಾಯಕ್ಕೆ ಬಂದವನು ಯಾರು ಎಂದು ನೋಡಿ, ಪೆನ್ಸಿಲಲ್ಲಿ ಗೀಟು ಹಾಕಿ.

ಇನ್ನೊಂದು ಗೀಟು ‘ಹಾನೆಸ್ಟ್’ ಎನ್ನುವ ಪದಕ್ಕೆ. ಮೂಲದಲ್ಲಿ ಈ ಪದ ಬೇರೆ ಬೇರೆ ರೂಪದಲ್ಲಿ 50ಕ್ಕೂ ಹೆಚ್ಚು ಸಲ ಬರುತ್ತದೆ, ಹೆಚ್ಚಾಗಿ ಇಯಾಗೋನ ಹೆಸರಿನ ಜೊತೆಗೇ. ಕನ್ನಡದಲ್ಲಿ ಓದುವವರಿಗೆ ಇಲ್ಲಿ ಒಂದು ತೊಂದರೆ. ಒಂದು ಕಡೆ ಪ್ರಾಮಾಣಿಕ, ಇನ್ನೊಂದು ಕಡೆ ಸತ್ಯವಂತ, ಮತ್ತೊಂದು ಕಡೆ ಶೀಲವಂತೆ ಎಂದು ಮಾಡಿದರೆ ಸದ್ದೇ ಕಳೆದುಹೋಗುತ್ತದೆ. ನಾವು ‘ನಿಯತ್ತು’ ಎಂದು ಇಟ್ಟುಕೊಂಡೆವು. ಆಳಿಗೂ ಹೊಂದುತ್ತದೆ, ಗೆಳೆಯನಿಗೂ ಹೊಂದುತ್ತದೆ, ಗಂಡ ಹೆಂಡತಿಗೂ ಹೊಂದುತ್ತದೆ. ನಿಯತ್ತಿನ ಇಯಾಗೋ, ನಿಯತ್ತಿನ ಇಯಾಗೋ ಎಂದು ನಾಲ್ಕು ಜನ ಸರದಿಯಲ್ಲಿ ಓದುವಾಗ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

ಯಾರ ಯಾವ ಒಳ್ಳೆಯತನಕ್ಕೆ ಕೈ ಹಾಕಿದ?

ಮೋಸ ಹೋದವರ ಹೆಸರು ಬರೆದು ಎದುರಿಗೆ ಅವರ ತಪ್ಪನ್ನು ಬರೆಯಬೇಡಿ, ಅವರ ಒಳ್ಳೆಯ ಗುಣ ಬರೆಯಿರಿ. ಈ ನಾಟಕದ ಗುಟ್ಟು ಇರುವುದು ಅಲ್ಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ರೋಡೆರಿಗೋ ಸುಲಭ, ಅವನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವನಿಗೆ ಡೆಸ್ಡಿಮೋನಾ ಮೇಲೆ ಆಸೆ. ಚೀಲಕ್ಕೆ ದುಡ್ಡು ತುಂಬಿಸು, ದುಡ್ಡು ತುಂಬಿಸು ಎಂದು ಹೇಳಿ ಹೇಳಿಯೇ ಇಯಾಗೋ ಅವನ ಆಸ್ತಿ ಕರಗಿಸುತ್ತಾನೆ.

ಕ್ಯಾಸಿಯೋದು ಸೂಕ್ಷ್ಮ. ಕುಡಿದರೆ ನನಗೆ ತಡೆಯುವುದಿಲ್ಲ, ಈಗಾಗಲೇ ಒಂದು ಲೋಟ ಆಗಿದೆ ಎಂದು ಅವನು ಬಾಯಿಬಿಟ್ಟು ಹೇಳುತ್ತಾನೆ. ಆದರೆ ಗೆಳೆಯರು ಬಾಗಿಲಲ್ಲಿ ಕಾಯುತ್ತಿದ್ದಾರೆ ಎಂದರೆ ಇಲ್ಲ ಎನ್ನಲು ಆಗದ ಮರ್ಯಾದಸ್ಥ. ಕುಡಿಸಿದ ಇಯಾಗೋ, ಆ ಕಡೆ ತಿರುಗಿ, ಈಗ ಎಲ್ಲರೂ ಬಂದಿಳಿದಿರುವ ಸೈಪ್ರಸ್ ದ್ವೀಪದ ಅಧಿಕಾರಿ ಮಾಂಟಾನೋಗೆ, ಇವನದು ದಿನಾ ರಾತ್ರಿ ಇದೇ ಕಥೆ ಎಂದು ಹೇಳುತ್ತಾನೆ. ಜಗಳ ಹತ್ತುತ್ತದೆ, ಮಾಂಟಾನೋಗೆ ಗಾಯವಾಗುತ್ತದೆ, ಕ್ಯಾಸಿಯೋನ ಹುದ್ದೆ ಹೋಗುತ್ತದೆ. ಏನಾಯಿತು ಹೇಳು ಎಂದು ಒಥೆಲೋ ಕೇಳಿದಾಗ, ಕ್ಯಾಸಿಯೋ ವಿರುದ್ಧ ಮಾತಾಡುವುದಕ್ಕಿಂತ ನಾಲಿಗೆ ಕತ್ತರಿಸಿಕೊಂಡೇನು ಎನ್ನುತ್ತಾ ಎಲ್ಲವನ್ನೂ ಹೇಳಿಬಿಡುತ್ತಾನೆ. ಗೆಳೆಯನನ್ನು ಉಳಿಸಲು ನೋಡಿದ ಎಂಬ ಹೆಸರು ಅವನಿಗೆ, ಕೆಲಸ ಹೋದದ್ದು ಕ್ಯಾಸಿಯೋಗೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಆಮೇಲೆ ಅವನು ಕ್ಯಾಸಿಯೋಗೆ ಕೊಡುವ ಸಲಹೆ ನಿಜವಾಗಿಯೂ ಒಳ್ಳೆಯದು. ಡೆಸ್ಡಿಮೋನಾ ಮೃದು ಮನಸ್ಸಿನವಳು, ಅವಳ ಹತ್ತಿರ ಕೇಳಿಕೋ, ಗಂಡನಿಗೆ ಹೇಳಿ ಕೆಲಸ ವಾಪಸ್ ಕೊಡಿಸುತ್ತಾಳೆ. ನೀವಾಗಿದ್ದರೂ ನಾನಾಗಿದ್ದರೂ ಇದನ್ನೇ ಹೇಳುತ್ತಿದ್ದೆವು, ಅಲ್ವಾ? ಅವಳು ಕ್ಯಾಸಿಯೋ ಪರವಾಗಿ ಎಷ್ಟು ಬೇಡುತ್ತಾಳೋ ಅಷ್ಟೇ ಗಂಡನ ಅನುಮಾನ ಬೆಳೆಯುತ್ತದೆ. ಅವಳ ಒಳ್ಳೆಯತನದಿಂದಲೇ ಎಲ್ಲರನ್ನೂ ಹಿಡಿಯುವ ಬಲೆ ಹೆಣೆಯುತ್ತೇನೆ ಎಂದು ಇಯಾಗೋ ಒಬ್ಬನೇ ಇರುವಾಗ ಹೇಳಿಕೊಳ್ಳುತ್ತಾನೆ. ಅದನ್ನು ಬಲಗಡೆಯ ಪಟ್ಟಿಗೆ ದಪ್ಪ ಅಕ್ಷರದಲ್ಲಿ ಬರೆಯಿರಿ.

ಮೂರನೇ ಅಂಕದ ಮೂರನೇ ದೃಶ್ಯ: ಇಲ್ಲಿ ನಿಧಾನ

ಉಳಿದದ್ದನ್ನು ಬೇಗ ಓದಿದರೂ ಪರವಾಗಿಲ್ಲ. ಈ ಒಂದು ದೃಶ್ಯಕ್ಕೆ ಒಂದು ಪೂರ್ತಿ ಸಂಜೆ ಇಡಿ. ದೃಶ್ಯದ ಶುರುವಿನಲ್ಲಿ ಒಥೆಲೋಗೆ ಹೆಂಡತಿ ಎಂದರೆ ಪ್ರಾಣ. ಮುಗಿಯುವಾಗ ಅವನು ಮೊಣಕಾಲೂರಿ ಸೇಡಿನ ಆಣೆ ಮಾಡುತ್ತಾನೆ. ಆ ದಾರಿಯಲ್ಲಿ ಅವನ ಕೈ ಹಿಡಿದು ಯಾರೂ ಎಳೆಯಲಿಲ್ಲ.

ಮೊದಲು ಪುಸ್ತಕದ ಮಾತಿನಲ್ಲಿ ಓದಿ. ಆಮೇಲೆ ನೀವು ಮನೆಯಲ್ಲಿ ಆಡುವ ಕನ್ನಡಕ್ಕೆ ತನ್ನಿ. ನಮ್ಮ ಮಕ್ಕಳು ತಂದದ್ದು ಹೀಗಿತ್ತು:

"ನೀವು ಮದುವೆಗೆ ಮುಂಚೆ ಅಮ್ಮನವರನ್ನು ನೋಡ್ಲಿಕ್ಕೆ ಹೋಗುವಾಗ ಕ್ಯಾಸಿಯೋಗೆ ವಿಷಯ ಗೊತ್ತಿತ್ತಾ, ಧಣಿ?"

"ಮೊದಲಿಂದ ಕೊನೆವರೆಗೂ ಗೊತ್ತಿತ್ತು. ಯಾಕೆ ಕೇಳಿದ್ದು?"

"ಸುಮ್ನೆ. ಮನಸ್ಸಿಗೆ ಬಂತು, ಅಷ್ಟೇ."

"ಮನಸ್ಸಿಗೆ ಎಂತ ಬಂತು?"

"ಅವನಿಗೆ ಅವರ ಪರಿಚಯ ಉಂಟಂತ ನನಗೆ ಗೊತ್ತಿರ್ಲಿಲ್ಲ."

"ಉಂಟು ಮಾರಾಯ. ನಮ್ಮಿಬ್ಬರ ಮಧ್ಯೆ ಎಷ್ಟೋ ಸಲ ಅವನೇ ಓಡಾಡಿದ್ದು."

"ಹೌದಾ?"

"ಹೌದಾ ಅಂದ್ರೆ ಎಂತ? ಹೌದು. ಅದರಲ್ಲಿ ಎಂತದಾದ್ರೂ ಕಾಣ್ತದಾ ನಿನಗೆ? ಅವನು ನಿಯತ್ತಿನವ ಅಲ್ವಾ?"

"ನಿಯತ್ತಾ, ಧಣಿ?"

"ಹೌದು, ನಿಯತ್ತು."

"ನನಗೆ ಗೊತ್ತಿರುವ ಮಟ್ಟಿಗೆ..."

"ನಿನಗೆ ಎಂತ ಅನ್ನಿಸ್ತದೆ?"

"ಅನ್ನಿಸುವುದಾ, ಧಣಿ?"

ಆ ದಿನ ಇಯಾಗೋ ಓದಿದ್ದು ಒಬ್ಬಳು ಹುಡುಗಿ. ಮೆತ್ತಗಿನ ದನಿಯವಳು. ‘ಹೌದಾ?’ ಎಂದು ಹೇಳಿ ಅವಳು ಪುಸ್ತಕದಿಂದ ಕಣ್ಣು ಎತ್ತಲೇ ಇಲ್ಲ. ಒಥೆಲೋ ಓದುತ್ತಿದ್ದ ಹುಡುಗ ಮುಂದಿನ ಸಾಲು ಬಿಟ್ಟು ಅವಳ ಮುಖವನ್ನೇ ನೋಡಿದ. ಅವಳು ಎಂತದೋ ಬಚ್ಚಿಟ್ಟಿದ್ದಾಳೆ ಎಂದು ಅವನಿಗೂ ಒಂದು ಕ್ಷಣ ಅನ್ನಿಸಿತ್ತಂತೆ. ಮಾಡಿನ ನೀರು ಅಂಗಳಕ್ಕೆ ಬೀಳುವ ಸದ್ದು ಬಿಟ್ಟರೆ ಚಾವಡಿಯಲ್ಲಿ ಬೇರೆ ಸದ್ದಿರಲಿಲ್ಲ.

ಈಗ ಪೆನ್ಸಿಲು ತೆಗೆದುಕೊಳ್ಳಿ. ಮೇಲಿನ ಮಾತುಗಳಲ್ಲಿ ಇಯಾಗೋ ಯಾರ ಮೇಲೆ ಯಾವ ಆರೋಪ ಮಾಡಿದ ಎಂದು ಹುಡುಕಿ. ಒಂದೂ ಸಿಗುವುದಿಲ್ಲ. ಅವನು ಮಾಡಿದ್ದು ಮೂರೇ ಕೆಲಸ: ಪ್ರಶ್ನೆ ಕೇಳಿದ, ಒಥೆಲೋ ಆಡಿದ ಪದವನ್ನೇ ವಾಪಸ್ ಕೊಟ್ಟ, ಮಾತನ್ನು ಅರ್ಧಕ್ಕೆ ನಿಲ್ಲಿಸಿದ. ತಲೆಯಲ್ಲಿ ಹುಳ ಬಿಡುವುದು ಎನ್ನುತ್ತೇವಲ್ಲ, ಅದು ಹೀಗೆ. ಆ ಅರ್ಧ ಮಾತನ್ನು ತುಂಬಿಸಿದವನು ಒಥೆಲೋನೇ. ನಾನು ಹೇಳಿದ ಮಾತೇ ಇವನ ಬಾಯಲ್ಲಿ ತಿರುಗಿ ಬರುತ್ತಿದೆ, ಒಳಗೆ ಯಾವುದೋ ಭೂತ ಅಡಗಿದ ಹಾಗಿದೆ ಎಂದು ಅವನು ಆಗಲೇ ಹೇಳುತ್ತಾನೆ. ನಿಯತ್ತಿನವನು ಮಾತು ನುಂಗಿದರೆ ಅದರ ಹಿಂದೆ ದೊಡ್ಡದೇ ಇರಬೇಕು ಎನ್ನುವುದು ಅವನ ಲೆಕ್ಕ. ಲೆಕ್ಕ ತಪ್ಪಲ್ಲ. ನಿಯತ್ತು ಸುಳ್ಳು, ಅಷ್ಟೇ.

ಮುಂದೆ ಓದಿ. ಹೊಟ್ಟೆಕಿಚ್ಚಿಗೆ ಬಲಿಯಾಗಬೇಡಿ ಧಣಿ ಎಂದು ಎಚ್ಚರಿಸುವವನೂ ಇಯಾಗೋನೇ. ಅಲ್ಲಿಯವರೆಗೆ ಆ ಪದವನ್ನು ಒಥೆಲೋ ಯೋಚಿಸಿಯೇ ಇರಲಿಲ್ಲ. ಆಮೇಲೆ ಎರಡು ಮಾತು ಬರುತ್ತವೆ, ಎರಡಕ್ಕೂ ಗೀಟು ಹಾಕಿ. ಒಂದು, ನಮ್ಮ ವೆನಿಸಿನ ಹೆಂಗಸರ ಸಂಗತಿ ನನಗೆ ಗೊತ್ತು ಎನ್ನುವುದು. ನೀವು ಹೊರಗಿನವರು, ನಿಮಗೆ ಗೊತ್ತಾಗುವುದಿಲ್ಲ ಎಂದು ಅದರ ಅರ್ಥ. ಒಥೆಲೋನ ಒಳಗೆ ಮೊದಲೇ ಇದ್ದ ಗಾಯ ಅದು. ಎರಡು, ಅಪ್ಪನಿಗೇ ಮೋಸ ಮಾಡಿ ನಿಮ್ಮನ್ನು ಮದುವೆಯಾದಳಲ್ಲ ಎನ್ನುವುದು. ಇದು ಇಯಾಗೋನ ಸ್ವಂತ ಮಾತಲ್ಲ. ಮೊದಲ ಅಂಕದಲ್ಲಿ ಬ್ರಬಾನ್ಷಿಯೋ ಸಂಕಟದಲ್ಲಿ ಒಥೆಲೋಗೆ ಹೇಳಿ ಹೋದ ಮಾತು. ಆಗ ಇಯಾಗೋ ಅಲ್ಲೇ ನಿಂತಿದ್ದ. ಪುಟ ತಿರುವಿ ನೋಡಿ. ಯಾರ ಬಾಯಿಂದ ಏನು ಬಿದ್ದರೂ ಹೆಕ್ಕಿ ಇಟ್ಟುಕೊಳ್ಳುವವನು ಅವನು.

ಕರ್ಚೀಫಿನ ಹಿಂದೆ ಹೋಗಿ

ಈಗ ನಿಜವಾದ ಒಂದು ಕರ್ಚೀಫು ತೆಗೆದುಕೊಳ್ಳಿ. ಓದುತ್ತಾ ಹೋದ ಹಾಗೆ ಅದು ಯಾರ ಕೈಯಲ್ಲಿದೆಯೋ ಅವರ ಕೈಗೆ ಕೊಡಿ. ಬರೀ ಓದುವಾಗ ತಪ್ಪಿಹೋಗುವುದೆಲ್ಲ ಆಗ ಕಾಣುತ್ತದೆ.

ಒಥೆಲೋ ಹಣೆ ನೋಯುತ್ತಿದೆ ಎನ್ನುತ್ತಾನೆ. ಡೆಸ್ಡಿಮೋನಾ ತನ್ನ ಕರ್ಚೀಫು ಕಟ್ಟಲು ಹೋಗುತ್ತಾಳೆ. ಅವನು ತಳ್ಳುತ್ತಾನೆ, ಅದು ಬೀಳುತ್ತದೆ. ಒಥೆಲೋ ಕೊಟ್ಟ ಮೊದಲ ಉಡುಗೊರೆ ಅದು, ಮೇಲೆ ಕೆಂಪು ಸ್ಟ್ರಾಬೆರಿ ಹಣ್ಣಿನ ಕಸೂತಿ. ಗಂಡನ ತಲೆನೋವಿನ ಚಿಂತೆಯಲ್ಲಿ ಅದನ್ನು ಅವಳು ಮರೆಯುತ್ತಾಳೆ. ಇಯಾಗೋನ ಹೆಂಡತಿ ಎಮಿಲಿಯಾ ಹೆಕ್ಕುತ್ತಾಳೆ. ಎಷ್ಟೋ ಸಲ ಅದನ್ನು ಬೇಕೆಂದು ಕೇಳಿದ ಗಂಡನಿಗೆ ಕೊಡುತ್ತಾಳೆ.

ಇಲ್ಲಿ ನಿಲ್ಲಿಸಿ. ಕರ್ಚೀಫು ಈಗ ಇಯಾಗೋ ಓದುವವರ ಕಿಸೆಯಲ್ಲಿರಬೇಕು. ಒಥೆಲೋ ವಾಪಸ್ ಬಂದು, ಕಣ್ಣಿಗೆ ಕಾಣುವ ಸಾಕ್ಷಿ ಕೊಡು ಎಂದು ಅವನ ಕುತ್ತಿಗೆಗೇ ಬರುತ್ತಾನೆ. ಆಗ ಇಯಾಗೋ ಮೊದಲು ಕ್ಯಾಸಿಯೋ ಕಂಡನೆಂಬ ಕನಸಿನ ಕಥೆ ಹೇಳುತ್ತಾನೆ. ಆಮೇಲೆ, ಅಂಥದೇ ಕರ್ಚೀಫಿನಲ್ಲಿ ಕ್ಯಾಸಿಯೋ ಇವತ್ತು ಗಡ್ಡ ಒರೆಸಿಕೊಳ್ಳುವುದನ್ನು ನೋಡಿದೆ ಎನ್ನುತ್ತಾನೆ. ಅದು ತನ್ನ ಕಿಸೆಯಲ್ಲೇ ಇರುವಾಗ! ಗಮನಿಸಿ, ಡೆಸ್ಡಿಮೋನಾಳ ವಿಷಯದಲ್ಲಿ ನೇರ ಸುಳ್ಳು ಹುಟ್ಟುವುದು ಇಷ್ಟು ತಡವಾಗಿ. ಅಲ್ಲಿಯವರೆಗೆ ಬೇಕಾಗಿಯೇ ಇರಲಿಲ್ಲ. ಕೇಳುವವನಿಗೆ ಹಸಿವಾದ ಮೇಲೆ ಬಡಿಸಿದ್ದಾನೆ.

ಕ್ಯಾಸಿಯೋನ ಕೋಣೆಯಲ್ಲಿ ಅದನ್ನು ಹಾಕಿ ಬರುವುದು ಆಮೇಲಿನ ಕೆಲಸ. ನಾಲ್ಕನೇ ಅಂಕದಲ್ಲಿ ಒಥೆಲೋನನ್ನು ಮರೆಯಲ್ಲಿ ನಿಲ್ಲಿಸಿ, ಕ್ಯಾಸಿಯೋ ಜೊತೆ ಅವನ ಗೆಳತಿ ಬಿಯಾಂಕಾಳ ವಿಷಯ ತೆಗೆಯುತ್ತಾನೆ. ಕ್ಯಾಸಿಯೋ ನಗುತ್ತಾನೆ. ನಗುವುದು ಕಾಣುತ್ತದೆ, ಯಾರ ವಿಷಯ ಎಂದು ಒಥೆಲೋಗೆ ಕೇಳುವುದಿಲ್ಲ. ಇದನ್ನು ಆಡಿಯೇ ನೋಡಿ. ಒಬ್ಬರು ಬಾಗಿಲ ಹಿಂದೆ ನಿಲ್ಲಿ, ಇಬ್ಬರು ಅಂಗಳದ ತುದಿಯಲ್ಲಿ ಸಣ್ಣ ದನಿಯಲ್ಲಿ ಏನಾದರೂ ಹೇಳಿ ನಗಿ. ಬಾಗಿಲ ಹಿಂದಿನವರು ತಮಗೆ ಅನ್ನಿಸಿದ್ದನ್ನು ಬರೆಯಲಿ. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದು ನಮ್ಮ ಅಜ್ಜಿ ಹೇಳುತ್ತಿದ್ದ ಗಾದೆ ನನಗೆ ಪೂರ್ತಿ ಅರ್ಥವಾದದ್ದು ಈ ದೃಶ್ಯದಲ್ಲಿ. ಅಷ್ಟರಲ್ಲಿ ಬಿಯಾಂಕಾ ತಾನಾಗಿ ಬಂದು, ಕಸೂತಿ ನಕಲು ಮಾಡಿಕೊಡು ಎಂದು ಕ್ಯಾಸಿಯೋ ತನಗೆ ಕೊಟ್ಟಿದ್ದ ಆ ಕರ್ಚೀಫನ್ನು ಕ್ಯಾಸಿಯೋ ಮುಖಕ್ಕೆ ಎಸೆಯುವ ಹಾಗೆ ವಾಪಸ್ ಕೊಡುತ್ತಾಳೆ. ಇದು ಇಯಾಗೋ ಹೂಡಿದ್ದಲ್ಲ, ಅದೃಷ್ಟ. ಅವನು ಮಹಾ ಬುದ್ಧಿವಂತ ಎಂದು ಬರೆಯುವವರು ಈ ಅದೃಷ್ಟದ ಪಾಲನ್ನೂ ಬರೆಯಬೇಕು.

ಕೊನೆಗೆ ಎಮಿಲಿಯಾಳನ್ನು ಓದಿ

ಜಾಸ್ತಿ ಜನ ಬಿಟ್ಟುಬಿಡುವುದು ಇವಳನ್ನೇ. ನಿಜವಾಗಿ ಮೋಸದ ಕೀಲಿ ಇರುವುದು ಇವಳ ಕೈಯಲ್ಲಿ. ಕರ್ಚೀಫು ಎಲ್ಲಿ ಎಂದು ಒಥೆಲೋ ಹೆಂಡತಿಯ ಮೇಲೆ ಕಿರುಚುವಾಗ ಎಮಿಲಿಯಾ ಅದೇ ಜಾಗದಲ್ಲಿದ್ದಾಳೆ. ಬಾಯಿ ಬಿಡುವುದಿಲ್ಲ. ಓದುವಾಗ ಅವಳ ಪಾತ್ರದವರನ್ನು ಎದ್ದು ನಿಲ್ಲಿಸಿ. ಮಾತಿಲ್ಲದೆ ನಿಂತವಳು ಎಲ್ಲರ ಕಣ್ಣಿಗೂ ಕಾಣಬೇಕು.

ನಾಲ್ಕನೇ ಅಂಕದ ಎರಡನೇ ದೃಶ್ಯದಲ್ಲಿ ಅವಳು ಸತ್ಯವನ್ನು ಮುಟ್ಟಿಯೇ ಬಿಡುತ್ತಾಳೆ. ಯಾವನೋ ದುಷ್ಟ ಹುದ್ದೆಯ ಆಸೆಗೆ ಈ ಚಾಡಿ ಕಟ್ಟಿರಬೇಕು, ಅಲ್ಲದಿದ್ದರೆ ನನ್ನನ್ನು ಗಲ್ಲಿಗೆ ಹಾಕಿ ಎನ್ನುತ್ತಾಳೆ. ಆ ದುಷ್ಟ ಪಕ್ಕದಲ್ಲೇ ನಿಂತಿದ್ದಾನೆ, ಅವಳ ಗಂಡ. ಛೆ, ಅಂಥ ಮನುಷ್ಯ ಇರಲಿಕ್ಕೇ ಸಾಧ್ಯವಿಲ್ಲ ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಡೆಸ್ಡಿಮೋನಾ ಅದೇ ಇಯಾಗೋನ ಎದುರು ಮೊಣಕಾಲೂರಿ, ಗಂಡನ ಮನಸ್ಸು ತಿರುಗಿಸಲು ನಾನೇನು ಮಾಡಲಿ ಎಂದು ಅಳುತ್ತಾಳೆ. ಈ ಜಾಗಕ್ಕೆ ಬಂದಾಗ ಪ್ರತೀ ಸಲ ನಾವು ಸ್ವಲ್ಪ ಹೊತ್ತು ಓದು ನಿಲ್ಲಿಸುತ್ತೇವೆ.

ಐದನೇ ಅಂಕದಲ್ಲಿ ಡೆಸ್ಡಿಮೋನಾ ಸತ್ತಿದ್ದಾಳೆ. ಇದೆಲ್ಲ ಹೇಳಿದ್ದು ನಿನ್ನ ಗಂಡನೇ ಎಂದು ಒಥೆಲೋ ಹೇಳುತ್ತಾನೆ. ‘ನನ್ನ ಗಂಡ?’ ಎಂದು ಎಮಿಲಿಯಾ ಮತ್ತೆ ಮತ್ತೆ ಕೇಳುತ್ತಾಳೆ. ಎಷ್ಟು ಸಲ ಅದನ್ನೇ ಕೇಳುತ್ತೀ ಎಂದು ಒಥೆಲೋ ರೇಗುತ್ತಾನೆ. ಇದನ್ನು ಒಂದೇ ದನಿಯಲ್ಲಿ ಓದಬೇಡಿ. ಮೊದಲನೆಯದು ಸರಿಯಾಗಿ ಕೇಳಿಸಲಿಲ್ಲ ಎನ್ನುವ ಹಾಗೆ ಬರಲಿ. ಎರಡನೆಯದರಲ್ಲಿ ಕರ್ಚೀಫು ನೆನಪಾಗಲಿ. ಮೂರನೆಯದು ಅವಳು ತನಗೆ ತಾನೇ ಹೇಳಿಕೊಂಡ ಹಾಗೆ, ತುಂಬ ಸಣ್ಣಗೆ. ಅಷ್ಟು ದಿನ ಬಾಯಿ ಕಟ್ಟಿ ಕೂತವಳು ಅಲ್ಲಿಂದ ಯಾರು ತಡೆದರೂ ನಿಲ್ಲುವುದಿಲ್ಲ. ಇಯಾಗೋ ಮನೆಗೆ ನಡೆ ಎಂದು ಗದರಿಸಿದರೂ ಇಲ್ಲ, ಕತ್ತಿ ಹಿರಿದರೂ ಇಲ್ಲ. ಕರ್ಚೀಫು ಹೆಕ್ಕಿದ್ದು ನಾನು, ಕೊಟ್ಟದ್ದು ನನ್ನ ಗಂಡನಿಗೆ ಎಂದು ಹೇಳಿಯೇ ಸಾಯುತ್ತಾಳೆ.

ಯಾಕೆ ಹೀಗೆ ಮಾಡಿದೆ ಎಂದು ಒಥೆಲೋ ಕೇಳಿಸಿದಾಗ ಇಯಾಗೋ ಹೇಳುವುದು ಇಷ್ಟೇ: ನನ್ನನ್ನು ಏನೂ ಕೇಳಬೇಡಿ, ನಿಮಗೆ ಗೊತ್ತಿರುವುದು ಗೊತ್ತಿದೆ, ಇನ್ನು ಮುಂದೆ ಒಂದು ಮಾತೂ ಆಡುವುದಿಲ್ಲ. ನಾಟಕದಲ್ಲಿ ಒಥೆಲೋಗಿಂತಲೂ ಜಾಸ್ತಿ ಮಾತು ಇರುವ ಪಾತ್ರ ಇದು. ಈ ಸಾಲು ಆದ ಕೂಡಲೇ ಇಯಾಗೋ ಓದುವವರು ಪುಸ್ತಕ ಮಡಚಿ ನೆಲದ ಮೇಲೆ ಇಡಬೇಕು. ನಾಟಕ ಇನ್ನೂ ಮುಗಿದಿಲ್ಲ, ಒಥೆಲೋನ ಕೊನೆಯ ಮಾತುಗಳು ಬಾಕಿ ಇವೆ. ಉಳಿದವರು ಓದುತ್ತಾ ಇರಲಿ, ಅವರು ಅಲ್ಲೇ ತಲೆ ಎತ್ತಿಕೊಂಡು ಸುಮ್ನೆ ಕೂತಿರಲಿ.